ಹವ್ಯಾಸಿ ರೇಡಿಯೋ: ಆವರ್ತನದ ಎಲ್ಲೆಗಳು



ನೀವು ಬೆಂಗಳೂರಿನ ಪರವಾನಗಿ ಪಡೆದ ಹ್ಯಾಮ್ ಎಂದುಕೊಳ್ಳಿ. ಬೆಳಗಿನ ಜಾವ 7,250 ಕಿಲೋಹರ್ಟ್ಸ್‌ನಲ್ಲಿ ಅಮೆರಿಕದ ಹ್ಯಾಮ್ ಒಬ್ಬರ ಕರೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಲ್ಲಿಯೇ ಉತ್ತರಿಸಬಹುದೇ? ಕೂಡದು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಗತ್ತನ್ನು 3 ವಲಯಗಳಾಗಿ ವಿಂಗಡಿಸಿದೆ. ಅಮೆರಿಕ 2ನೆಯ ವಲಯದ್ದು. ಅಲ್ಲಿ 40 ಮೀಟರ್ ಪಟ್ಟಿ 7,000ದಿಂದ 7,300ರವರೆಗೆ ಹವ್ಯಾಸಿಗಳದು. ಭಾರತ 3ನೆಯ ವಲಯದ್ದು. ಇಲ್ಲಿ ಆ ಪಟ್ಟಿ 7,200ಕ್ಕೇ ಮುಗಿಯುತ್ತದೆ. ಅದರ ಮೇಲಿನ ಭಾಗ ಬಾನುಲಿ ಪ್ರಸಾರಕ್ಕೆ ಮೀಸಲು. ನೀವು ಅಲ್ಲಿ ಮಾತನಾಡಿದರೆ, ಎಲ್ಲೋ ಸುದ್ದಿ ಕೇಳುತ್ತಿರುವವರಿಗೆ ಅಡಚಣೆಯಾದೀತು. ನಿಮ್ಮ ಪ್ರೇಷಕ ಎಲ್ಲಿದೆಯೋ ಆ ದೇಶದ ನಿಯಮವೇ ನಿಮಗೆ ಅನ್ವಯ.

ಹಾಗಾದರೆ ಸಂಪರ್ಕ ಅಸಾಧ್ಯವೇ? ಇಲ್ಲ. ಅವರು 7,250ರಲ್ಲಿ ಕರೆದು, 7,150ರಲ್ಲಿ ಆಲಿಸುವುದಾಗಿ ತಿಳಿಸುತ್ತಾರೆ. ನೀವು 7,150ರಲ್ಲಿ ಉತ್ತರಿಸುತ್ತೀರಿ. ಇಬ್ಬರೂ ತಮ್ಮ ತಮ್ಮ ಎಲ್ಲೆಯೊಳಗೇ ಇರುತ್ತಾರೆ.

ಪಟ್ಟಿಯ ಅಂಚಿನಲ್ಲೂ ಎಚ್ಚರ ಬೇಕು. ಇಲ್ಲಿ ಮಾತಿಗೆ ಕೆಳ ಪಾರ್ಶ್ವಪಟ್ಟಿಯನ್ನು ಬಳಸುವುದು ರೂಢಿ. ನಿಮ್ಮ ಯಂತ್ರ 7,001 ಎಂದು ತೋರಿಸುತ್ತಿದ್ದರೂ ನಿಮ್ಮ ದನಿ 6,998ರವರೆಗೆ ಹರಡಿರುತ್ತದೆ, ಅಂದರೆ ಎಲ್ಲೆಯ ಹೊರಗೆ!

ಮಿತ್ರರೇ, ಆಕಾಶ ಎಲ್ಲರ ಸೊತ್ತು. ಮೊದಲು ಆಲಿಸಿ, ಎಲ್ಲೆ ನೋಡಿ, ಆಮೇಲೆ ಮಾತನಾಡಿ.