ಅಂಬಾಸಿಡರ್ ಕಾರಿನ ಕುಲಗೋತ್ರ

ಹಳೆಯ ಮೋಟಾರು ಕಾರುಗಳ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ‘ಅಂಬಾಸಿಡರ್ ನಮ್ಮದೋ, ಇಂಗ್ಲಿಷರದೋ?’ ಕೇಳುವವರ ದನಿಯಲ್ಲಿ ಕೊಂಚ ಅಭಿಮಾನವೂ ಕೊಂಚ ಅಳುಕೂ ಇರುತ್ತವೆ. ಮದುವೆಯ ದಿಬ್ಬಣಕ್ಕೂ ಮಂತ್ರಿಗಳ ಪ್ರವಾಸಕ್ಕೂ ಒಂದೇ ಬಗೆಯಲ್ಲಿ ಒದಗಿಬಂದ ವಾಹನ ಪರರದೆಂದು ಒಪ್ಪಲು ಮನಸ್ಸು ಹಿಂಜರಿಯುವುದು ಸಹಜವೇ.

ರೂಪು ಇಂಗ್ಲಿಷರದು. ಆಕ್ಸ್‌ಫರ್ಡ್ ಪಟ್ಟಣಕ್ಕೆ ಸೇರಿದ ಕೌಲಿಯಲ್ಲಿ ತಯಾರಾಗುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯೇ ಇದರ ಮೂಲ. ಇಲ್ಲಿ ಅದನ್ನು ತಯಾರಿಸಿದ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯನ್ನು ಬಿರ್ಲಾ ಮನೆತನ 1942ರಲ್ಲಿ ಸ್ಥಾಪಿಸಿತು. ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾದ ಕೆಲಸ 1948ರಲ್ಲಿ ಕಲ್ಕತ್ತೆಯ ಸಮೀಪದ ಉತ್ತರಪಾಡಾಕ್ಕೆ ಬಂದಿತು. ಅಂಬಾಸಿಡರಿಗೆ ಮುನ್ನ ಬಂದ ಹಿಂದೂಸ್ತಾನ್ 10, ಹಿಂದೂಸ್ತಾನ್ 14, 1954ರ ಲ್ಯಾಂಡ್‌ಮಾಸ್ಟರ್ ಇವೆಲ್ಲವೂ ಮಾರಿಸ್ ವಂಶದವೇ.

1957-58ರ ಹೊತ್ತಿಗೆ ಅಂಬಾಸಿಡರ್ ರಸ್ತೆಗಿಳಿಯಿತು. ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಮೂಲಕಾರಿಗೆ ವಾಲ್ವುಗಳು ಮೇಲ್ಗಡೆ ಇರುವ 1489 ಸಿ.ಸಿ. ಎಂಜಿನ್ ಇದ್ದಿತು. ನಮ್ಮ ಮೊದಲ ಅಂಬಾಸಿಡರುಗಳಿಗೆ ಲ್ಯಾಂಡ್‌ಮಾಸ್ಟರಿನ ಹಳೆಯ ಎಂಜಿನ್. ಅದರ ವಾಲ್ವುಗಳು ಪಕ್ಕದಲ್ಲಿ. ಹೊಸ ಅಂಗಿಯೊಳಗೆ ಹಳೆಯ ಮೈ! ಮೇಲ್ವಾಲ್ವಿನ ಎಂಜಿನ್ ನಮಗೆ ದೊರೆತದ್ದು 1959ರಲ್ಲಿ. ಅದೇ ವರ್ಷ ಇಂಗ್ಲಿಷರು ಆ ರೂಪವನ್ನೇ ಕೈಬಿಟ್ಟು, ಇಟಲಿಯ ಫರೀನಾ ವಿನ್ಯಾಸದ ಕಾರಿಗೆ ಹೊರಳಿದರು. ಅವರು ಮೂರು ವರ್ಷ ತಯಾರಿಸಿದ ಕಾರು ನಮ್ಮಲ್ಲಿ 2014ರ ಮೇ ತಿಂಗಳವರೆಗೆ ಬಾಳಿತು.

ಹಾಗಾದರೆ ಅರ್ಧ ಶತಮಾನ ಅದು ಬದಲಾಗಲಿಲ್ಲವೇಕೆ? ರಸ್ತೆಯ ಹೊಂಡಗಳಿಗೆ ಹೇಳಿ ಮಾಡಿಸಿದಂತಿತ್ತು, ಯಾವ ಊರಿನಲ್ಲಿಯೂ ರಿಪೇರಿಯಾಗುತ್ತಿತ್ತು ಎಂಬುದು ವಾಡಿಕೆಯ ಉತ್ತರ. ಅದು ನಿಜವೇ, ಆದರೆ ಅರ್ಧ ನಿಜ. 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇರೆಗೆ, ಬಿಡಿಭಾಗಗಳನ್ನು ತರಿಸಿ ಜೋಡಿಸುವುದಷ್ಟನ್ನೇ ಮಾಡುತ್ತಿದ್ದ ಕಂಪನಿಗಳಿಗೆ ಇಲ್ಲಿ ನೆಲೆಯಿಲ್ಲವಾಯಿತು. ಫೋರ್ಡ್, ಜನರಲ್ ಮೋಟರ್ಸ್ ಹೊರಟುಹೋದವು. ಉಳಿದವರು ಎಷ್ಟು ಕಾರು ತಯಾರಿಸಬೇಕೆಂಬುದನ್ನು ಲೈಸೆನ್ಸ್ ನಿರ್ಧರಿಸಿತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುವ ಗಿರಾಕಿಗೆ ಮಾದರಿ ಹಳೆಯದಾಯಿತೆಂದು ದೂರುವ ಬಾಯೆಲ್ಲಿ? ಆ ನೀತಿಯನ್ನು ಬರಿದೆ ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಎಂಜಿನ್ನು, ಗೇರು, ತಗಡಿನ ಮೈಯನ್ನು ಈ ನೆಲದಲ್ಲೇ ತಯಾರಿಸಲು ಕಲಿತದ್ದು ಅದರಿಂದಲೇ. ಕಲಿತ ಕೈಗಳಿಗೆ ಹೊಸದೊಂದನ್ನು ಕಲ್ಪಿಸಿ ಮಾಡುವ ಅವಕಾಶ ಕೊಡದೆ ಹೋದುದೇ ನಿಜವಾದ ನಷ್ಟ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಾಗ ಆ ನಷ್ಟದ ಲೆಕ್ಕ ಕಣ್ಣಿಗೆ ಕಾಣತೊಡಗಿತು. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಕೂಡಿಸಿದರೂ ಕಾಲ ಮಿಂಚಿತ್ತು. ಕಾರ್ಖಾನೆಯಿಂದಾಗಿ ಅಲ್ಲಿನ ರೈಲುನಿಲ್ದಾಣಕ್ಕೆ ‘ಹಿಂದ್ ಮೋಟರ್’ ಎಂದೇ ಹೆಸರು. 2014ರಲ್ಲಿ ಕೆಲಸ ನಿಂತಾಗ ಬರಿಗೈಯಾದದ್ದು ಆ ಊರು.

ಇನ್ನು ಮಾಲೀಕರ ಪ್ರಶ್ನೆ: ‘ನಮ್ಮ ಗಾಡಿ ಯಾವ ವರ್ಷದ್ದು?’ ಮುಂಭಾಗದ ಗ್ರಿಲ್ ನೋಡಿ ಹೇಳುವವರೇ ಹೆಚ್ಚು. ಮಾರ್ಕ್ 2 ಬಂದದ್ದು 1962ರ ಸುಮಾರಿಗೆ, ಮಾರ್ಕ್ 3 1975ರಲ್ಲಿ, ಮಾರ್ಕ್ 4 1979ರಲ್ಲಿ. ಆದರೆ ಗ್ರಿಲ್ ಎಂಬುದು ಕೆಲವೇ ಬೋಲ್ಟುಗಳ ಮಾತು. ಅಪಘಾತವಾದಾಗ ಮೆಕ್ಯಾನಿಕನು ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾನೆ. ಭಾಗಗಳು ಒಂದಕ್ಕೊಂದು ಹೊಂದುತ್ತಿದ್ದುದೇ ಈ ಕಾರಿನ ಗುಣವಷ್ಟೆ. ಆದುದರಿಂದ ಛಾಸಿ ನಂಬರಿನ ಫಲಕವನ್ನು ನೋಡಬೇಕು. ನೋಂದಣಿ ಪುಸ್ತಕವನ್ನೂ ನೋಡಬಹುದು.

ಎಲ್ಲಾದರೂ ಹಳೆಯ ಕೊಟ್ಟಿಗೆಯೊಂದರಲ್ಲಿ ಪಕ್ಕವಾಲ್ವಿನ ಎಂಜಿನ್ನಿನ ಅಂಬಾಸಿಡರ್ ಸಿಕ್ಕಿದರೆ, ಬಲ ಸಾಲದೆಂದು ಅದನ್ನು ಕಿತ್ತು ಗುಜರಿಗೆ ಹಾಕಬೇಡಿ. ಗ್ರಿಲ್ಲನ್ನು ಮತ್ತೆ ತರಬಹುದು, ಬಣ್ಣವನ್ನು ಮತ್ತೆ ಬಳಿಯಬಹುದು. ಆ ಮೊದಲ ವರ್ಷಗಳಲ್ಲಿ ಉತ್ತರಪಾಡಾದವರಿಗೆ ಏನು ದಕ್ಕಿತ್ತು, ಏನು ದಕ್ಕಿರಲಿಲ್ಲ ಎಂಬುದಕ್ಕೆ ಸಾಕ್ಷಿ ಹೇಳುವುದು ಆ ಎಂಜಿನ್.