ಗೆಜೆಟ್ಟಿನಿಂದ ಕೇರಿಗೆ ಎಷ್ಟು ದೂರ?



ಮಸೂದೆ ಕಾನೂನಾಗುವ ಬಗೆಯನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆ ಕಾನೂನು ನಮ್ಮ ಕೇರಿಗೆ ಹೇಗೆ ಬರುತ್ತೆ, ದಾರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದು ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ದೌರ್ಜನ್ಯ ತಡೆ ಕಾಯಿದೆಯನ್ನೇ ಹಿಡಿದು ನೋಡೋಣ.

ಮಸೂದೆ ಅಂದರೆ ಕಾನೂನಿನ ಕರಡು. ಮಂತ್ರಿ ಅದನ್ನು ಒಂದು ಸದನದಲ್ಲಿ ಮಂಡಿಸೋದು ಮೊದಲ ವಾಚನ. ಎರಡನೆಯ ವಾಚನದಲ್ಲಿ ಚರ್ಚೆ. ಬೇಕೆಂದರೆ ಸಮಿತಿಗೆ ಕಳಿಸ್ತಾರೆ. ಆಮೇಲೆ ಒಂದೊಂದೇ ಕಲಮು, ಒಂದೊಂದೇ ತಿದ್ದುಪಡಿ ಮತಕ್ಕೆ ಬರುತ್ತೆ. ಮೂರನೆಯದರಲ್ಲಿ ಇಡೀ ಮಸೂದೆ ಬೇಕೋ ಬೇಡವೋ ಅನ್ನೋ ತೀರ್ಮಾನ. ಇನ್ನೊಂದು ಸದನವೂ ಒಪ್ಪಬೇಕು. ಕೊನೆಗೆ ರಾಷ್ಟ್ರಪತಿಗಳ ಅಂಕಿತ, ಗೆಜೆಟ್ಟು. ಪಠ್ಯಪುಸ್ತಕ ಇಲ್ಲಿಗೆ ಮುಗೀತು. ನಮ್ಮ ಪಾಡು ಇಲ್ಲಿಂದ ಶುರು.

ಈ ಕಾಯಿದೆಗೆ ಅಂಕಿತ ಬಿದ್ದದ್ದು 1989ರ ಸೆಪ್ಟೆಂಬರ್ 11ರಂದು. ಜಾರಿಯ ದಿನ ಗೊತ್ತುಮಾಡುವ ಅಧಿಕಾರ ಸರ್ಕಾರದ ಕೈಲಿತ್ತು. ಅದು ಜಾರಿಗೆ ಬಂದದ್ದು 1990ರ ಜನವರಿ 30ರಂದು. ಯಾವ ದರ್ಜೆಯ ಪೊಲೀಸ್ ಅಧಿಕಾರಿ ತನಿಖೆ ಮಾಡಬೇಕು, ನೊಂದವರಿಗೆ ಪರಿಹಾರ ಎಷ್ಟು ಅಂತ ಹೇಳೋ ನಿಯಮಗಳು ಬಂದದ್ದು 1995ರ ಮಾರ್ಚ್ 31ಕ್ಕೆ. ಅಂಕಿತದಿಂದ ನಿಯಮಕ್ಕೆ ಐದೂವರೆ ವರ್ಷ! ನಿಯಮ ಬರೆಯೋದು ಸದನವಲ್ಲ, ಸರ್ಕಾರದ ಕಚೇರಿ. ಅಲ್ಲಿ ಚರ್ಚೆಯೂ ಇಲ್ಲ, ಗ್ಯಾಲರಿಯೂ ಇಲ್ಲ. ಫೈಲು ಮಲಗಿದರೆ ಎಬ್ಬಿಸೋರು ಬೇಕು.

ಈಗ ಇನ್ನೊಂದು ಲೆಕ್ಕ ನೋಡಿ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು: ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡಬಹುದು, ಬಂಧಿಸಲು ಮೇಲಿನವರ ಒಪ್ಪಿಗೆ ಬೇಕು ಅಂತ. ಏಪ್ರಿಲ್ 2ಕ್ಕೆ ದೇಶದ ಉದ್ದಗಲಕ್ಕೂ ದಲಿತರು ಬೀದಿಗಿಳಿದರು. ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ಜೀವಗಳೂ ಹೋದವು. ಆಗಸ್ಟ್ 3ರಂದು ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯ್ತು. 6ಕ್ಕೆ ಲೋಕಸಭೆ, 9ಕ್ಕೆ ರಾಜ್ಯಸಭೆ, 17ಕ್ಕೆ ಅಂಕಿತ. ಹದಿನಾಲ್ಕೇ ದಿನ. ಹಾಗೆ ಬಂದ 18ಎ ಕಲಮು ಆ ಎರಡೂ ಅಡ್ಡಿಗಳನ್ನು ಕಿತ್ತುಹಾಕಿತು. 2020ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿಯಿತು.

ಬೀದಿಯಲ್ಲಿ ಜನ ನಿಲ್ಲದಿದ್ದರೆ ಮಸೂದೆಗೆ ಈ ಕಾಲು ಬರುತ್ತಿರಲಿಲ್ಲ ಅನ್ನೋದು ನಮ್ಮ ಖಚಿತ ನಂಬಿಕೆ. ಆದರೆ ದಿನಾ ಬಂದ್ ಮಾಡೋಕಾಗಲ್ಲ. ದಿನಾ ಮಾಡೋ ಕೆಲಸ ಬೇರೆ ಇದೆ.

ಅದೇ 1995ರ ನಿಯಮಗಳಲ್ಲಿ 17ನೆಯದು ನೋಡಿ. ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು. ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮೂರು ತಿಂಗಳಿಗೆ ಒಂದು ಸಲವಾದರೂ ಸಭೆ ಸೇರಲೇಬೇಕು. ನಿಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಸಭೆ ಆದವು? ಪರಿಹಾರ ಬಾಕಿ ಇರುವ ಕೇಸುಗಳ ಬಗ್ಗೆ ಏನು ತೀರ್ಮಾನವಾಯ್ತು? 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಸಭೆಯ ನಡಾವಳಿ ಕೇಳಿ. ಒಬ್ಬರೇ ಹೋಗಬೇಡಿ, ಹಾಸ್ಟೆಲಿನಿಂದ ಹತ್ತು ಜನ ಹೋಗಿ. ಬಂದ ಉತ್ತರವನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ.

ಸದನದಲ್ಲಿ ಮೂರು ವಾಚನ ಮುಗಿದಿರಬಹುದು. ನಾಲ್ಕನೆಯದು ನಾವು ಮಾಡಬೇಕಾದದ್ದು.

ಜೈ ಭೀಮ್.