ಕೃಷಿಭೂಮಿಯಲ್ಲಿ ಭಾರಲೋಹ: ಮಲೆನಾಡಿಗೊಂದು ಎಚ್ಚರಿಕೆ



ಮಣ್ಣಿಗೆ ಬಿದ್ದ ಸೊಪ್ಪು, ದರಗು, ಸಗಣಿ ಎಲ್ಲವೂ ಕಾಲಕ್ರಮದಲ್ಲಿ ಕೊಳೆತು ಗೊಬ್ಬರವಾಗುತ್ತವೆ. ಭಾರಲೋಹಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕ್ಯಾಡ್ಮಿಯಂ, ಸೀಸ, ತಾಮ್ರ ಇವು ಮೂಲಧಾತುಗಳು. ಯಾವ ಸೂಕ್ಷ್ಮಜೀವಿಯೂ ಅವನ್ನು ಕೊಳೆಸಲಾರದು. ಒಮ್ಮೆ ಸೇರಿದರೆ ತಲೆಮಾರುಗಳವರೆಗೆ ಅವು ಮಣ್ಣಿನಲ್ಲಿಯೇ ಉಳಿಯುತ್ತವೆ.

ಇದರ ಪರಿಣಾಮವನ್ನು ಜಪಾನಿನ ಟೊಯಾಮಾ ಪ್ರಾಂತ್ಯ ಅನುಭವಿಸಿದೆ. ಜಿಂಜೂ ನದಿಯ ಮೇಲ್ಭಾಗದ ಬೆಟ್ಟಗಳಲ್ಲಿದ್ದ ಕಮಿಯೋಕಾ ಗಣಿಯಿಂದ ಹೊರಬಿದ್ದ ಕ್ಯಾಡ್ಮಿಯಂ, ನೀರಿನೊಡನೆ ಕೆಳಗಿನ ಭತ್ತದ ಗದ್ದೆಗಳನ್ನು ಸೇರಿತು. ಅನ್ನದ ಮೂಲಕ ದೇಹವನ್ನು ಹೊಕ್ಕು ಮೂತ್ರಪಿಂಡಗಳನ್ನು ಕೆಡಿಸಿತು. ಮೂಳೆಗಳು ಮೆದುವಾಗಿ ಮುರಿಯತೊಡಗಿದವು. ಹೆಚ್ಚು ನರಳಿದವರು ಹಲವು ಮಕ್ಕಳನ್ನು ಹೆತ್ತ, ವಯಸ್ಸಾದ ರೈತ ಮಹಿಳೆಯರು. ಅವರ ನರಳಿಕೆಯೇ ರೋಗದ ಹೆಸರಾಯಿತು: ‘ಇತಾಯಿ-ಇತಾಯಿ’, ಎಂದರೆ ‘ನೋವು, ನೋವು’. 1968ರಲ್ಲಿ ಜಪಾನ್ ಸರ್ಕಾರವು ಇದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು.

ಮಲೆನಾಡಿನ ತೋಟಗಳಿಗೆ ಲೋಹ ಬರುವ ದಾರಿಗಳು ಬೇರೆ. ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಮಳೆ ಅದನ್ನು ತೊಳೆದು ಮರದ ಬುಡಕ್ಕೆ ಇಳಿಸುತ್ತದೆ. ವರ್ಷ ವರ್ಷವೂ ಹೀಗೆ. ತಾಮ್ರವು ಮನುಷ್ಯನಿಗೆ ಕ್ಯಾಡ್ಮಿಯಂನಷ್ಟು ಘಾತುಕವಲ್ಲ. ಆದರೆ ಮಣ್ಣಿನಲ್ಲಿ ಮಿತಿಮೀರಿದರೆ ಎರೆಹುಳುಗಳು ಕ್ಷೀಣಿಸುತ್ತವೆ.

ಆರೋಗ್ಯಕ್ಕೆ ಹೆಚ್ಚಿನ ಅಪಾಯ ಬೇರೆಡೆಯಿಂದ ಬರುತ್ತದೆ. ರಂಜಕದ ರಾಸಾಯನಿಕ ಗೊಬ್ಬರದಲ್ಲಿ ಕ್ಯಾಡ್ಮಿಯಂ ಅಲ್ಪ ಪ್ರಮಾಣದಲ್ಲಿ ಬೆರೆತಿರಬಹುದು. ಬ್ಯಾಟರಿ, ಬಣ್ಣದ ಡಬ್ಬಿಗಳನ್ನು ಬೇರ್ಪಡಿಸದೆ ತಯಾರಿಸಿದ ಪಟ್ಟಣದ ಕಸದ ಗೊಬ್ಬರದಲ್ಲಿ ಸೀಸವೂ ಸೇರಿರಬಹುದು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅಧಿಕ ಮಳೆಯ ಮಲೆನಾಡಿನ ಮಣ್ಣು ಸಹಜವಾಗಿ ಹುಳಿ. ಹುಳಿಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಬೇರಿಗೆ ದಕ್ಕುತ್ತದೆ, ಸೊಪ್ಪುತರಕಾರಿಗಳು ಅದನ್ನು ಬೇಗ ಹೀರುತ್ತವೆ.

ಆದುದರಿಂದ ಬೋರ್ಡೋವನ್ನು ತಕ್ಷಣ ಕೈಬಿಡಬೇಕೆಂದಲ್ಲ. ಅಳತೆ ಮೀರಿ ಸುರಿಯಬಾರದು. ಮಣ್ಣು ಪರೀಕ್ಷಿಸಿ, ಹುಳಿಯಿದ್ದರೆ ಸುಣ್ಣ ಹಾಕಬೇಕು. ಮೂಲ ತಿಳಿಯದ ಕಸದ ಗೊಬ್ಬರವನ್ನು ತೋಟಕ್ಕೆ ತರಬಾರದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರವಿದೆ. ಕ್ಯಾಡ್ಮಿಯಂ, ಸೀಸ ಇಲ್ಲ. ಸಂಶಯವಿರುವ ಜಾಗದ ಮಣ್ಣಿಗೆ ಪ್ರತ್ಯೇಕ ಪರೀಕ್ಷೆಯನ್ನು ಕೇಳಿ ಪಡೆಯಬೇಕು. ಮಾದರಿ ಸಂಗ್ರಹಿಸುವ ಕಾರ್ಯದಲ್ಲಿ ವಿದ್ಯಾರ್ಥಿಗಳು ರೈತರಿಗೆ ನೆರವಾಗಬಲ್ಲರು.

ಜಿಂಜೂ ತೀರದ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕಾರ್ಯ ಮುಗಿದದ್ದು 2012ರಲ್ಲಿ, ರೋಗವನ್ನು ಒಪ್ಪಿಕೊಂಡ 44 ವರ್ಷಗಳ ನಂತರ. ಲೋಹವನ್ನು ಮಣ್ಣಿನಿಂದ ತೆಗೆಯುವುದು ಅಷ್ಟು ಕಷ್ಟ. ಮಣ್ಣಿಗೆ ಸೇರದಂತೆ ತಡೆಯುವುದು ಮಾತ್ರ ರೈತನ ಕೈಯಲ್ಲಿದೆ.